ಹರದನಹಳ್ಳಿಯಿಂದ ಹತ್ತೂವರೆ ಗಂಟೆ ಆಚೆ

ಚಾಮರಾಜನಗರದಿಂದ ಐದಾರು ಕಿಲೋಮೀಟರ್ ದೂರದ ಹರದನಹಳ್ಳಿಯಲ್ಲಿ, ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ. ಸಂತೆಗೆ ಹೊರಟರೂ ಅಷ್ಟೆ, ಸಮುದ್ರ ದಾಟಲು ಹೊರಟರೂ ಅಷ್ಟೆ. ‘ಹೋಗ್ಬುಟ್ಟು ಬತ್ತೀನಿ ಕನವ್ವ’ ಎನ್ನಬೇಕು. ‘ಹೂಂ, ಹೋಗ್ಬುಟ್ಟು ಬಾ ಕೂಸೇ’ ಎಂದು ಒಳಗಿನಿಂದ ಉತ್ತರ ಬರಬೇಕು. ಆಮೇಲೆಯೇ ಹೊಸಿಲು ದಾಟುವುದು.

ಇಂಥ ಊರಿನಿಂದ ಅಮೆರಿಕದ ಚಿಕಾಗೋ ಕಡೆಯ ವಿಶ್ವವಿದ್ಯಾನಿಲಯವೊಂದಕ್ಕೆ ಓದಲು ಹೊರಟ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ. ಎರಡೂವರೆ ಎಕರೆ ಜಮೀನು, ಅದರಲ್ಲಿ ಅರಿಸಿನ, ಬಾಳೆ. ಓದಿದ್ದು ಕನ್ನಡ ಶಾಲೆಯಲ್ಲಿ, ನಂತರ 2007ರಲ್ಲಿ ಚಾಮರಾಜನಗರದಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಈವರೆಗೆ ಅವಳು ಹೋದ ಅತಿ ದೂರದ ಊರೆಂದರೆ ಬೆಂಗಳೂರು. ಆಗಸ್ಟ್ ಮೊದಲ ವಾರ. ಚಾಮರಾಜೇಶ್ವರನ ಆಷಾಢದ ತೇರು ಮುಗಿದಿದೆ, ಹೊಲದಲ್ಲಿ ಅರಿಸಿನ ಎದ್ದು ನಿಂತಿದೆ. ನಡುಮನೆಯಲ್ಲಿ ಬಾಯಿ ತೆರೆದ ಎರಡು ಸೂಟ್‌ಕೇಸು, ಪಕ್ಕದಲ್ಲಿ ಎದುರು ಮನೆಯಿಂದ ತಂದ ತಕ್ಕಡಿ.

ಅವಳಿಗೆ ಹೆಸರಿಡಬೇಕಾಗಿಲ್ಲ. ಈ ಸೀಮೆಯಲ್ಲಿ ಅಂಥ ಮಕ್ಕಳಿರುವ ಮನೆಯವರು ಅವಳನ್ನು ಗುರುತಿಸಿಯಾರು.

ಓದಿ ಊರು ಬಿಟ್ಟವರು

ಓದಿದ ಮಕ್ಕಳು ಊರು ಬಿಡುವುದು ಹರದನಹಳ್ಳಿಗೆ ಹೊಸದಲ್ಲ. ಇಲ್ಲಿ ದಿವ್ಯಲಿಂಗೇಶ್ವರನ ಹಳೆಯ ಕಲ್ಲಿನ ಗುಡಿಯಿದೆ. ಗೋಸಲ ಚನ್ನಬಸವೇಶ್ವರರ ಗುರುಪೀಠವಿದ್ದದ್ದೂ ಇಲ್ಲಿಯೇ. ಸುಮಾರು ಐನೂರು ವರ್ಷಗಳ ಹಿಂದೆ ಆ ಗುರುವಿನ ಬಳಿ ಕಲಿತು, ಮುಂದೆ ತೋಂಟದ ಸಿದ್ಧಲಿಂಗ ಯತಿಗಳೆಂದು ಹೆಸರಾದವರು ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದು ಪರಂಪರೆಯ ನಂಬಿಕೆ. ಕಲಿತದ್ದು ಇಲ್ಲಿ. ಕೊನೆಗೆ ನೆಲೆ ನಿಂತದ್ದು ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಅವರದು. ಬಸವಣ್ಣ, ಅಲ್ಲಮರ ಕಾಲದ ವಚನಗಳನ್ನು ಓಲೆಗರಿಯಲ್ಲಿ ಜೋಡಿಸಿ ಕಾಪಾಡಿದವರಲ್ಲಿ ಅವರ ಬಳಗದವರೂ ಸೇರಿದ್ದಾರೆ.

ಪಕ್ಕದ ಪಟ್ಟಣದ ಕಥೆ ಬೇರೆ. ಅರಿಕುಠಾರ ಎಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ನೆನಪಿಗೆ ಚಾಮರಾಜನಗರ ಎಂದು ಹೆಸರಿಟ್ಟರು. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಆದರೆ ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಹರಡಿ, ದಶಕಗಳ ಕಾಲ ಹಲವು ಮುಖ್ಯಮಂತ್ರಿಗಳು ಪಟ್ಟಣದತ್ತ ಸುಳಿಯಲಿಲ್ಲ. ದೊಡ್ಡವರು ಬರಲು ಅಂಜಿದ ಊರಿನಿಂದ ಮಕ್ಕಳು ಅಂಜಿಕೆಯನ್ನು ನುಂಗಿಕೊಂಡು ಹೊರಗೆ ಹೋಗುತ್ತಿದ್ದಾರೆ.

ಸಾಲದ ಲೆಕ್ಕ

ಪ್ರಯಾಣ ಆರಂಭವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ಬ್ಯಾಂಕಿನ ಬೆಂಚಿನ ಮೇಲೆ. ಅಮೆರಿಕದ ವಿಶ್ವವಿದ್ಯಾನಿಲಯ ಪ್ರವೇಶಪತ್ರದ ಜೊತೆಗೆ ‘ಐ-20’ ಎಂಬ ಕಾಗದ ಕಳುಹಿಸುವ ಮುನ್ನ, ಮೊದಲ ವರ್ಷದ ಶುಲ್ಕಕ್ಕೂ ಊಟ ವಸತಿಗೂ ಹಣ ಎಲ್ಲಿದೆ ಎಂದು ಕೇಳುತ್ತದೆ. ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಆಸ್ತಿಯ ಆಧಾರ ಕೊಡಬೇಕು. ಹಳ್ಳಿಯವರು ಎಡವುವುದು ಇಲ್ಲಿಯೇ. ತಲೆತಲಾಂತರದಿಂದ ಉಳುತ್ತ ಬಂದ ಜಮೀನಿನ ಪಹಣಿ ಹಿಡಿದು ಅಪ್ಪ ಬ್ಯಾಂಕಿಗೆ ಹೋಗುತ್ತಾನೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಆಧಾರವಾಗಿ ಹಲವು ಬ್ಯಾಂಕುಗಳು ಒಪ್ಪುವುದಿಲ್ಲ. ಪಟ್ಟಣದಲ್ಲೊಂದು ಮನೆಯೋ ಸೈಟೋ ಬೇಕು. ಅದಿಲ್ಲದವನು ಮೈಸೂರಿನಲ್ಲಿ ಮನೆ ಕಟ್ಟಿಸಿದ ಭಾವಮೈದುನನ ಬಾಗಿಲಿಗೆ ಹೋಗಬೇಕು. ಹಾಗೆ ಹೋಗಿ ನಿಲ್ಲುವುದು ಎಷ್ಟು ಭಾರ ಎಂಬುದು ನಿಂತವರಿಗೇ ಗೊತ್ತು.

ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ, ಸೇರುತ್ತಲೇ ಇರುತ್ತದೆ. ಇನ್ನೊಂದು ಲೆಕ್ಕ ಡಾಲರಿನದು. 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಡಾಲರಿಗೆ ಸುಮಾರು 26 ರೂಪಾಯಿ. 2013ರಲ್ಲಿ ಅದು 60 ದಾಟಿತು, 2024ರ ಡಿಸೆಂಬರಿನಲ್ಲಿ 85 ದಾಟಿತು. ಮೊದಲ ವರ್ಷಕ್ಕೆ ಹಾಕಿದ ಲೆಕ್ಕ ಎರಡನೆಯ ವರ್ಷಕ್ಕೆ ಸಾಲದೆ ಬರಬಹುದು. ಅರಿಸಿನದ ಧಾರಣೆ ಈರೋಡಿನ ಮಾರುಕಟ್ಟೆಯಲ್ಲಿ ಏರಿಳಿಯುವುದನ್ನು ಬಲ್ಲ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೊರಡುವ ಸಂಭ್ರಮದಲ್ಲಿ ಈ ಮಾತು ಮನೆಯೊಳಗೆ ಬರುವುದೇ ಇಲ್ಲ. ಮಗಳ ಮನಸ್ಸು ಕೆಡದಿರಲಿ ಎಂದು ಅಪ್ಪ ಬಡ್ಡಿಯ ಮೊತ್ತ ಹೇಳುವುದಿಲ್ಲ. ಅಪ್ಪನ ಮನಸ್ಸು ಕೆಡದಿರಲಿ ಎಂದು ಮಗಳು ತನ್ನ ಅಂಜಿಕೆ ಹೇಳುವುದಿಲ್ಲ. ಒಬ್ಬರ ಮೇಲೊಬ್ಬರಿಗೆ ಇರುವ ಅಕ್ಕರೆಯೇ ಇಬ್ಬರ ನಡುವೆ ಗೋಡೆಯಾಗುತ್ತದೆ.

ಸಾಲ ಒಂದೇ ದಾರಿಯೇನೂ ಅಲ್ಲ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ ಹಾಗೂ ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದೇಶ ವಿದ್ಯಾರ್ಥಿವೇತನವಿದೆ. 1950ರ ದಶಕದಿಂದಲೂ ನಡೆದುಬಂದ ಯೋಜನೆ ಅದು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯೂ ‘ಪ್ರಬುದ್ಧ’ ಎಂಬ ಹೆಸರಿನ ಯೋಜನೆ ತಂದಿತು. ಅರ್ಜಿಯ ಕಡೆಯ ದಿನಾಂಕ ತಪ್ಪಿಸಿಕೊಂಡವರ ಸಂಖ್ಯೆ ಕಡಿಮೆಯೇನಲ್ಲ. ಅಂತಿಮ ವರ್ಷಕ್ಕೆ ಕಾಲಿಟ್ಟ ಕೂಡಲೇ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸುವುದು ಒಳ್ಳೆಯದು.

ವಿದ್ಯಾರ್ಥಿವೇತನ ಒಬ್ಬ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ 1913ರ ಪ್ರಯಾಣವೇ ಸಾಕ್ಷಿ. ಆ ವರ್ಷ ಭೀಮರಾವ್ ಅಂಬೇಡ್ಕರ್ ಮುಂಬಯಿಯಲ್ಲಿ ಹಡಗು ಹತ್ತಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ವೇತನ ಕೊಟ್ಟಿದ್ದರು. ಹಣದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು 1917ರಲ್ಲಿ ಮರಳಬೇಕಾಯಿತು. ಬೇರೊಂದು ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಯುದ್ಧಕಾಲದ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಬರೋಡದಲ್ಲಿ ಕೆಲಸ ಸಿಕ್ಕಿತು, ಆದರೆ ಜಾತಿಯ ಕಾರಣಕ್ಕೆ ಇರಲು ಮನೆ ಸಿಗಲಿಲ್ಲ. ಆದರೂ ಹಣ ಕೂಡಿಸಿ, ಸಾಲ ಮಾಡಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿಯೇ ಬಂದರು. ಚಾಮರಾಜನಗರದ ಸುವರ್ಣಗಂಗೋತ್ರಿ ಸ್ನಾತಕೋತ್ತರ ಕೇಂದ್ರಕ್ಕೆ ಅವರ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವರು ಹಡಗು ಹತ್ತಿದ ವರ್ಷ ಚಾಮರಾಜನಗರಕ್ಕೆ ರೈಲೂ ಬಂದಿರಲಿಲ್ಲ. ಅದು ನಂಜನಗೂಡು ದಾಟಿ ಇಲ್ಲಿಗೆ ತಲುಪಿದ್ದು 1926ರಲ್ಲಿ.

ರಾತ್ರಿಯ ದಾರಿ

ಹರದನಹಳ್ಳಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 220 ಕಿಲೋಮೀಟರ್. ಯೂರೋಪಿನ ಕಡೆಯ ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹಾಗಾಗಿ ಹಿಂದಿನ ದಿನದ ಮಧ್ಯಾಹ್ನವೇ ಹೊರಡುವುದು. ಬಾಡಿಗೆಯ ಗಾಡಿಯಲ್ಲಿ ಅಪ್ಪ, ಅವ್ವ, ಸೋದರಮಾವ. ಮೇಲೆ ಹಗ್ಗ ಬಿಗಿದ ಸೂಟ್‌ಕೇಸು. ಅಜ್ಜಿ ಬರುವುದಿಲ್ಲ, ಜಗುಲಿಯಲ್ಲೇ ಉಳಿಯುತ್ತಾಳೆ.

ಸಂತೆಮರಹಳ್ಳಿ ಕಳೆದು ಯಳಂದೂರು. ಬಲಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ಹದಿನೇಳನೆಯ ಶತಮಾನದಲ್ಲಿ ಇದೇ ಯಳಂದೂರಿನಿಂದ ಮೈಸೂರರಮನೆಗೆ ಹೋದ ಹೆಣ್ಣುಮಗಳೊಬ್ಬಳು, ರಾಣಿಯ ಸಂಚಿಯ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ ಬರೆದಳು. ಅವಳೇ ಸಂಚಿ ಹೊನ್ನಮ್ಮ. ಮುಂದೆ ಕೊಳ್ಳೇಗಾಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರಿದು. ಸತ್ತೇಗಾಲದ ಬಳಿ ಕಾವೇರಿ ದಾಟಿದರೆ ಶಿವನಸಮುದ್ರದ ದಾರಿ. 1902ರಲ್ಲಿ ಇಲ್ಲಿ ತಯಾರಾದ ವಿದ್ಯುತ್ತು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಳವಳ್ಳಿ, ಕನಕಪುರ ಕಳೆಯುವಷ್ಟರಲ್ಲಿ ಕತ್ತಲೆ. ಗಾಡಿಯಲ್ಲಿ ಮಾತಿಲ್ಲ. ಅವ್ವ ಹತ್ತು ಸಲ ಪಾಸ್‌ಪೋರ್ಟಿನ ಚೀಲ ಮುಟ್ಟಿ ನೋಡುತ್ತಾಳೆ.

ಬೆಂಗಳೂರಿನ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಇಲ್ಲಿಗೆ ಬಂತು. 2023ರ ಸೆಪ್ಟೆಂಬರಿನಲ್ಲಿ ವಿದೇಶದ ವಿಮಾನಗಳು ಬಿದಿರಿನ ಅಲಂಕಾರದ ಎರಡನೆಯ ಟರ್ಮಿನಲ್ಲಿಗೆ ಹೋದವು. ಬಾಗಿಲಲ್ಲಿ ಕಾವಲಿನವರು ಟಿಕೆಟ್ಟು, ಪಾಸ್‌ಪೋರ್ಟು ನೋಡಿ ಪ್ರಯಾಣಿಕರನ್ನಷ್ಟೇ ಒಳಗೆ ಬಿಡುತ್ತಾರೆ. ರೈಲಿನ ಹಾಗೆ ಕಿಟಕಿಯ ಪಕ್ಕ ಓಡುವುದಕ್ಕೆ ಇಲ್ಲಿ ಅವಕಾಶವಿಲ್ಲ. ಅವಳು ಒಳಗೆ ಹೋಗುತ್ತಾಳೆ. ಒಮ್ಮೆ ತಿರುಗಿ ಕೈ ಎತ್ತುತ್ತಾಳೆ. ಗಾಜಿನ ಈಚೆ ನಿಂತ ಅಪ್ಪ, ಅವಳು ಕಾಣದಾದ ಮೇಲೂ ಸ್ವಲ್ಪ ಹೊತ್ತು ಕೈ ಇಳಿಸುವುದಿಲ್ಲ.

ಸಾಮಾನಿನ ವಿಷಯದಲ್ಲಿ ಕೆಲವು ಮಾತು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯ ದ್ರವ ಬಿಡುವುದಿಲ್ಲ. ಉಪ್ಪಿನಕಾಯಿ, ತುಪ್ಪವೂ ಈ ಲೆಕ್ಕಕ್ಕೇ ಸೇರುತ್ತವೆ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ. ಅದನ್ನು ಮನೆಯಲ್ಲೇ ಬಿಡಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಐ-20, ಪ್ರವೇಶಪತ್ರ, ಸಾಲದ ಮಂಜೂರಾತಿ ಪತ್ರ, ಅಂಕಪಟ್ಟಿಗಳು ಕೂಡ ಕೈಚೀಲದಲ್ಲೇ. ಸೂಟ್‌ಕೇಸು ದಾರಿ ತಪ್ಪಿದರೂ ಕಾಗದ ತಪ್ಪಬಾರದು.

ಆಕಾಶದಲ್ಲಿ ಊಟಿ

ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು, ಸುಮಾರು ಹತ್ತು ಗಂಟೆ. ಅಲ್ಲಿ ವಿಮಾನ ಬದಲಿಸಿ ಅಟ್ಲಾಂಟಿಕ್ ದಾಟಿ ಚಿಕಾಗೋಗೆ ಇನ್ನೂ ಸುಮಾರು ಏಳು ಸಾವಿರ, ಒಂಬತ್ತು ಗಂಟೆಯ ಮೇಲೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ.

ಒಳಗಿನ ಗಾಳಿಯ ಒತ್ತಡ ಮಾತ್ರ ನೆಲದಿಂದ ಎರಡು ಸಾವಿರ ಮೀಟರಿನ ಆಸುಪಾಸಿನ ಎತ್ತರದಲ್ಲಿರುವಷ್ಟು. ಗುಂಡ್ಲುಪೇಟೆ ಕಡೆಯವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಹತ್ತು ಗಂಟೆ ಕೂರುವುದೆಂದರೆ ಹೆಚ್ಚುಕಡಿಮೆ ಊಟಿಯಲ್ಲಿ ಕೂತಂತೆ. ಆದರೆ ಊಟಿಯ ತೇವ ಇಲ್ಲಿಲ್ಲ. ಗಾಳಿ ಬಹಳ ಒಣ, ತುಟಿ ಬಿರಿಯುತ್ತದೆ, ಗಂಟಲು ಒಣಗುತ್ತದೆ. ಆಗಾಗ ನೀರು ಕುಡಿಯಬೇಕು. ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ನಡುನಡುವೆ ಎದ್ದು ಓಡಾಡಬೇಕು. ಮೊದಲ ಸಲ ಹೋಗುವವರು ನೀರು ಕೇಳಲೂ ಸಂಕೋಚಪಟ್ಟು, ಪಕ್ಕದವರನ್ನು ಎಬ್ಬಿಸಲೂ ಅಳುಕಿ, ಕೂತಲ್ಲೇ ಕೂತಿರುತ್ತಾರೆ. ಆ ಸಂಕೋಚ ಬೇಡ.

ಎದುರಿನ ಪುಟ್ಟ ಪರದೆಯಲ್ಲಿ ವಿಮಾನದ ದಾರಿ ಬಿಲ್ಲಿನಂತೆ ಉತ್ತರಕ್ಕೆ ಬಾಗಿರುತ್ತದೆ. ನೇರ ಹೋಗಬಾರದೇ ಎನಿಸುವುದು ಸಹಜ. ಶಾಲೆಯ ಭೂಗೋಳದ ಗೋಳದ ಮೇಲೆ ಫ್ರಾಂಕ್‌ಫರ್ಟಿನಿಂದ ಚಿಕಾಗೋಗೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಗೊತ್ತಾಗುತ್ತದೆ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ಭೂಮಿ ಗುಂಡಗಿರುವುದರಿಂದ ಅದೇ ಹತ್ತಿರದ ದಾರಿ.

ಇನ್ನೊಂದು ವಿಚಿತ್ರ ಹೊತ್ತಿನದು. ಫ್ರಾಂಕ್‌ಫರ್ಟಿನಿಂದ ಬೆಳಿಗ್ಗೆ ಹೊರಟ ವಿಮಾನ ಸೂರ್ಯನ ಬೆನ್ನು ಹತ್ತಿದಂತೆ ಪಶ್ಚಿಮಕ್ಕೇ ಹೋಗುತ್ತದೆ. ಒಂಬತ್ತು ಗಂಟೆ ಹಾರಿದರೂ ಸಂಜೆಯಾಗುವುದಿಲ್ಲ. ಬೇಸಿಗೆಯಲ್ಲಿ ಚಿಕಾಗೋ ನಮ್ಮ ದೇಶಕ್ಕಿಂತ ಹತ್ತೂವರೆ ಗಂಟೆ ಹಿಂದೆ. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಹನ್ನೊಂದೂವರೆ ಗಂಟೆ. ಅಲ್ಲಿ ಮಧ್ಯಾಹ್ನ ಎರಡಾದರೆ ಹರದನಹಳ್ಳಿಯಲ್ಲಿ ನಡುರಾತ್ರಿ ಹನ್ನೆರಡೂವರೆ. ದೇಹದ ಗಡಿಯಾರ ಹೊಸ ಹೊತ್ತಿಗೆ ಹೊಂದಿಕೊಳ್ಳುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ಲೆಕ್ಕದಲ್ಲಿ. ಮೊದಲ ವಾರ ಮಗಳು ಹಗಲಲ್ಲಿ ತೂಕಡಿಸಿದರೆ, ರಾತ್ರಿ ಮೂರಕ್ಕೆ ಎದ್ದು ಕೂತರೆ, ಮನೆಯವರು ಗಾಬರಿಯಾಗಬೇಕಾಗಿಲ್ಲ.

ಹಿಂದಿನವರಿಗೆ ಈ ತೊಂದರೆಯಿರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡುವಾಗ ಹೊತ್ತು ನಿಧಾನವಾಗಿ ಬದಲಾಗುತ್ತಿತ್ತು. ಮನಸ್ಸಿಗೂ ಊರನ್ನು ಸ್ವಲ್ಪ ಸ್ವಲ್ಪವಾಗಿ ಬಿಡಲು ಪುರುಸೊತ್ತಿರುತ್ತಿತ್ತು. ಈಗ ನಿನ್ನೆ ಮಧ್ಯಾಹ್ನ ಮನೆಯಲ್ಲಿ ಉಂಡವಳು ಇವತ್ತು ಮಧ್ಯಾಹ್ನ ಮಿಷಿಗನ್ ಸರೋವರದ ದಡದಲ್ಲಿರುತ್ತಾಳೆ. ಮೈ ತಲುಪಿದರೂ ಮನಸ್ಸು ಹಿಂದೆಯೇ ಉಳಿದಿರುತ್ತದೆ.

ಕೌಂಟರಿನ ಮುಂದೆ

ಚಿಕಾಗೋದಲ್ಲಿ ಇಳಿದ ಮೇಲೆ ಉದ್ದನೆಯ ಸಾಲು. ಗಾಜಿನ ಹಿಂದಿನ ಅಧಿಕಾರಿ ಪಾಸ್‌ಪೋರ್ಟು, ವೀಸಾ, ಐ-20 ನೋಡುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಎಲ್ಲಿ ಓದುವುದು, ಏನು ಓದುವುದು, ಖರ್ಚು ಕೊಡುವವರು ಯಾರು ಎಂದು ಕೇಳುವುದು ರೂಢಿ. ಚುಟುಕಾಗಿ, ನಿಜವಾಗಿ ಉತ್ತರಿಸಿದರೆ ಸಾಕು. ಹೊಸ ವಿದ್ಯಾರ್ಥಿಗಳು ತರಗತಿ ಆರಂಭದ ದಿನಾಂಕಕ್ಕೆ ಮೂವತ್ತು ದಿನಗಳಿಗಿಂತ ಮೊದಲೇ ಆ ದೇಶದೊಳಗೆ ಕಾಲಿಡುವಂತಿಲ್ಲ. ಟಿಕೆಟ್ಟು ಕೊಳ್ಳುವಾಗಲೇ ಈ ಲೆಕ್ಕ ನೋಡಿಕೊಳ್ಳಬೇಕು. ತಿಂಡಿ ತಿನಿಸು ಏನೇ ತಂದಿದ್ದರೂ ಮುಚ್ಚಿಡದೆ ಹೇಳಬೇಕು. ಹಸಿ ಹಣ್ಣು, ಬಿತ್ತನೆ ಬೀಜ ತರುವಂತಿಲ್ಲ. ಹೊಲದ ಬಾಳೆಹಣ್ಣು ಎಂದು ಅಕ್ಕರೆಯಿಂದ ಕಟ್ಟಿಕೊಟ್ಟದ್ದು ಕಸದ ಡಬ್ಬಕ್ಕೆ ಹೋಗುತ್ತದೆ.

‘ಖರ್ಚು ಕೊಡುವವರು ಯಾರು?’ ಎಂಬ ಪ್ರಶ್ನೆಗೆ ‘ಅಪ್ಪ, ಬ್ಯಾಂಕಿನ ಸಾಲ’ ಎಂದು ಅವಳು ಹೇಳುತ್ತಾಳೆ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತನ್ನು ಅಪರಿಚಿತರೊಬ್ಬರ ಮುಂದೆ ಅವಳು ಮೊದಲ ಸಲ ಗಟ್ಟಿಯಾಗಿ ಹೇಳುವುದು ಅಲ್ಲಿಯೇ.

ಕ್ಯಾಂಪಸ್ಸಿನಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಕೆಲಸ ಮಾಡಲು ಅವಕಾಶವಿದೆ. ಅದು ಗ್ರಂಥಾಲಯದಲ್ಲೋ ಊಟದ ಶಾಲೆಯಲ್ಲೋ ಸಿಕ್ಕೀತು. ಕೈಖರ್ಚಿಗೆ ನೆರವಾದೀತು, ಸಾಲ ತೀರಿಸಲು ಸಾಲದು. ಕೆಲಸ ಮಾಡಿಕೊಂಡೇ ಶುಲ್ಕ ಕಟ್ಟಬಹುದು ಎಂದು ಯಾರಾದರೂ ಏಜೆಂಟರು ಹೇಳಿದರೆ ಪಾಲಕರು ನಂಬಬಾರದು.

ಭಾಷೆಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಓದಿದವರಿಗೆ ಮೊದಲ ದಿನಗಳಲ್ಲಿ ನಾಲಗೆ ಕಟ್ಟಿಹೋದಂತೆ ಆಗುತ್ತದೆ. ಆದರೆ ಮನೆಯ ಭಾಷೆ ಹೊರೆಯಲ್ಲ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಓದಿದರು, ಚಿಕಾಗೋದಲ್ಲಿ ಪಾಠ ಹೇಳಿದರು. 1973ರಲ್ಲಿ ಅವರ ಇಂಗ್ಲಿಷ್ ಅನುವಾದದಿಂದ ವಚನಗಳು ಜಗತ್ತಿನ ಓದುಗರ ಕೈ ಸೇರಿದವು. ಓಲೆಗರಿಯಲ್ಲಿ ಉಳಿದುಬಂದ ಮಾತು ಸಮುದ್ರ ದಾಟಿದ್ದು ಹಾಗೆ. ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದರು. ‘ಸಂಸ್ಕಾರ’ ಕಾದಂಬರಿಯನ್ನು ಬರೆದದ್ದು ಅಲ್ಲಿದ್ದಾಗ, ಕನ್ನಡದಲ್ಲಿ.

ಮೊದಲ ಫೋನು

1990ರ ದಶಕದಲ್ಲಿ ಹೀಗೆ ಹೋದವರ ಕ್ಷೇಮ ಸಮಾಚಾರಕ್ಕೆ ಮನೆಯವರು ನೀಲಿ ಏರೋಗ್ರಾಮಿಗಾಗಿ ದಿನಗಟ್ಟಲೆ ಕಾಯಬೇಕಿತ್ತು. ಫೋನು ಮಾಡಬೇಕಾದರೆ ಐಎಸ್‌ಡಿ ಬೂತಿನಲ್ಲಿ ಓಡುವ ಮೀಟರು ನೋಡುತ್ತ ಎರಡೇ ಮಾತು. ಈಗ ಮುಖ ನೋಡಿಕೊಂಡೇ ಮಾತಾಡಬಹುದು, ಖರ್ಚೂ ಇಲ್ಲ. ಆದರೆ ಹಿಂದೆ ಎರಡು ನಿಮಿಷದಲ್ಲಿ ಹೇಳುತ್ತಿದ್ದ ‘ಚೆನ್ನಾಗಿದ್ದೀನಿ’ ಎಂಬ ಮಾತನ್ನೇ ಈಗ ಅರ್ಧ ಗಂಟೆ ಹೇಳುವವರಿದ್ದಾರೆ. ಹಣ ಸಾಲದೆ ಒಂದು ಹೊತ್ತು ಉಪವಾಸವಿದ್ದರೂ ‘ಚೆನ್ನಾಗಿದ್ದೀನಿ’. ಒಂದು ವಿಷಯದಲ್ಲಿ ಫೇಲಾದರೂ ‘ಚೆನ್ನಾಗಿದ್ದೀನಿ’. ಈಚೆಗೆ ಅಪ್ಪನ ಆಸ್ಪತ್ರೆಯ ಖರ್ಚನ್ನು ಮುಚ್ಚಿಟ್ಟುಕೊಂಡ ಅವ್ವನೂ ‘ನಾವೆಲ್ಲ ಚೆನ್ನಾಗಿದ್ದೀವಿ’. ಹದಿನಾಲ್ಕು ಸಾವಿರ ಕಿಲೋಮೀಟರಿನ ದೂರವನ್ನು ವಿಮಾನ ಒಂದು ದಿನದಲ್ಲಿ ಕಳೆಯುತ್ತದೆ. ಈ ‘ಚೆನ್ನಾಗಿದ್ದೀನಿ’ಯ ದೂರವನ್ನು ಯಾವ ವಿಮಾನವೂ ಕಳೆಯಲಾರದು.

ಅದಕ್ಕೇ ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸು ಮುಚ್ಚಿದ ಮೇಲೆ, ಮನೆಯವರು ಒಟ್ಟಿಗೆ ಕೂತು ಒಂದು ಒಪ್ಪಂದಕ್ಕೆ ಬರುವುದು ಒಳ್ಳೆಯದು. ಸಾಲ ಎಷ್ಟು, ಬಡ್ಡಿ ಎಷ್ಟು, ಆಗದಿದ್ದರೆ ಏನು ಮಾಡುವುದು ಎಂಬುದನ್ನು ಅಪ್ಪ ಹೇಳಬೇಕು. ಯಾವುದಕ್ಕೆ ಅಂಜಿಕೆ ಎಂಬುದನ್ನು ಮಗಳು ಹೇಳಬೇಕು. ಆಗದಿದ್ದರೆ ವಾಪಸು ಬರಬಹುದು, ಮನೆಯ ಬಾಗಿಲು ತೆರೆದೇ ಇರುತ್ತದೆ ಎಂಬ ಮಾತು ಅವ್ವನ ಬಾಯಿಂದ ಬರಬೇಕು. ‘ಹೋಗ್ಬುಟ್ಟು ಬಾ’ ಎಂಬ ಮಾತಿನಲ್ಲಿ ‘ಬಾ’ ಎಂಬುದೂ ಇದೆ ಎಂಬುದನ್ನು ಮಕ್ಕಳಿಗೆ ಹೊರಡುವಾಗಲೇ ನೆನಪಿಸಬೇಕು.

ಹರದನಹಳ್ಳಿಯಲ್ಲಿ ನಡುರಾತ್ರಿ ದಾಟಿ ಎರಡು ಗಂಟೆ. ದೇವನಹಳ್ಳಿಯಿಂದ ಹಿಂದಿರುಗಿದವರು ನಿದ್ದೆ ಬಾರದೆ ಕೂತಿದ್ದಾರೆ. ಜಗುಲಿಯ ದೀಪ ಆರಿಸಿಲ್ಲ. ಫೋನು ಸದ್ದು ಮಾಡುತ್ತದೆ. ಪರದೆಯ ಮೇಲೆ ಮಗಳು, ಅವಳ ಹಿಂದೆ ಕಣ್ಣು ಕುಕ್ಕುವ ಬಿಸಿಲು. ಅಜ್ಜಿಗೆ ಆ ಬಿಸಿಲು ಅರ್ಥವಾಗುವುದಿಲ್ಲ.

‘ತಲಪಿದ್ಯಾ ಕೂಸೇ? ಉಂಡ್ಯಾ?’ ಎಂದು ಅವ್ವ ಕೇಳುತ್ತಾಳೆ.

ಉಂಡೆ ಎನ್ನಲು ಬಾಯಿ ತೆರೆದವಳು ಒಂದು ಗಳಿಗೆ ಸುಮ್ಮನಾಗುತ್ತಾಳೆ.

‘ಇಲ್ಲ ಕನವ್ವ. ಇನ್ನೂ ಉಂಡಿಲ್ಲ. ಎಲ್ಲಿ ಏನು ಸಿಕ್ತದೆ ಅಂತ್ಲೂ ಗೊತ್ತಾಗ್ತಿಲ್ಲ.’

‘ಹಂಗಾರೆ ಆ ಚೀಲದಲ್ಲಿ ಚಪಾತಿ ಇಟ್ಟಿವ್ನಿ ನೋಡು. ಮೊದ್ಲು ಅದ ತಿನ್ನು’ ಎನ್ನುತ್ತಾಳೆ ಅವ್ವ.

ಅವಳು ಚೀಲ ಬಿಚ್ಚುತ್ತಾಳೆ. ಅವಳು ತಿಂದು ಮುಗಿಸುವವರೆಗೆ ಈಚೆಯವರು ಫೋನು ಇಡುವುದಿಲ್ಲ.